ಗೋದಾಮಿನ ತಿರುವು

ಎರಡನೇ ಮಹಡಿಯ ತಿರುವಿನಲ್ಲಿ ಸ್ಟ್ರೆಚರು ಸಿಕ್ಕಿಹಾಕಿಕೊಂಡಿತು.

“ಕಾಲಿನ ಕಡೆ ಮೇಲೆತ್ತಿ! ಇಲ್ಲಾಂದ್ರೆ ಜಾರ್ತಾರೆ,” ಎಂದು ಸೋದರಮಾವ ಮೇಲಿನ ಮೆಟ್ಟಿಲಿನಿಂದ ಕೂಗಿದ.

“ಎತ್ತಿದ್ದೀವಿ ಸಾರ್, ಗೋಡೆ ಅಡ್ಡ ಬರ್ತಿದೆ,” ಎಂದ ಕೆಳಗಿದ್ದವರಲ್ಲೊಬ್ಬ.

ಹೊತ್ತಿದ್ದ ನಾಲ್ವರೂ ಬೆಳಗಿನ ಓಟದ ಬಳಗದವರು. ಭಾನುವಾರ ಊರು ಹಾಸಿಗೆ ಬಿಡುವಷ್ಟರಲ್ಲಿ ಕೆರೆಗೆ ಒಂದು ಸುತ್ತು ಹಾಕಿ ಬಂದು ಚಹಾ ಕುಡಿಯುವ ಆಸಾಮಿಗಳು. ನೆಟ್ಟಗಿನ ರಸ್ತೆ ಕೊಟ್ಟರೆ ಮಧ್ಯಾಹ್ನದವರೆಗೂ ಓಡಿಯಾರು. ಮೆಟ್ಟಿಲಲ್ಲಿ ಒಬ್ಬ ಬಡಕಲು ಮನುಷ್ಯನನ್ನು ಇಳಿಸುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲವೆಂದಲ್ಲ. ಇತ್ತು, ಕೆಲಸವನ್ನೂ ಮಾಡುತ್ತಿತ್ತು. ಅದರಲ್ಲಿ ನಿಂತವರು ಹಿಡಿಸುತ್ತಿದ್ದರೇ ಹೊರತು ಮಲಗಿದವರು ಹಿಡಿಸುತ್ತಿರಲಿಲ್ಲ.

“ಜೀವಮಾನವಿಡೀ ಊರವರನ್ನೆಲ್ಲ ಲಿಫ್ಟಲ್ಲಿ ಇಳಿಸಿದ ಮನುಷ್ಯ,” ಎಂದ ಮಾವ. “ಅವರ ಸರದಿ ಬಂದಾಗ ಮೆಟ್ಟಿಲು. ನೋಡಿ ಹೇಗಿದೆ.”

ಯಾರೂ ನಗಲಿಲ್ಲ. ಮಾವನೂ ನಗಿಸಲೆಂದು ಹೇಳಿರಲಿಲ್ಲ. ಸುಮ್ಮನಿದ್ದರೆ ಅಳು ಬಂದೀತೆಂದು ಬೆಳಿಗ್ಗೆಯಿಂದ ಏನಾದರೊಂದು ಹೇಳುತ್ತಲೇ ಇದ್ದ.

ಮಗಳು ಎಲ್ಲರಿಗಿಂತ ಹಿಂದೆ, ಅಪ್ಪನ ತಲೆದಿಂಬನ್ನು ಅವಚಿಕೊಂಡು ಇಳಿಯುತ್ತಿದ್ದಳು. ಅದನ್ನು ಯಾಕೆ ತಂದೆನೆಂದು ಅವಳಿಗೇ ಗೊತ್ತಿರಲಿಲ್ಲ. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವಾಗಲೆಲ್ಲ ದಿಂಬು ಹಿಡಿದು ಹಿಂದೆ ಹೋದ ಅಭ್ಯಾಸ, ಕೈ ತಾನಾಗಿ ಎತ್ತಿಕೊಂಡಿತ್ತು. ಮೂತ್ರಪಿಂಡ ಕೈಕೊಟ್ಟ ಮೇಲೆ ಅಪ್ಪನದು ಮನೆ, ಆಸ್ಪತ್ರೆ, ಮತ್ತೆ ಮನೆ ಎಂಬ ಒಂದೇ ದಾರಿಯಾಗಿತ್ತು. ಇವತ್ತು ಬೆಳಗಿನ ಜಾವ ಅದೂ ಮುಗಿದಾಗ ಅಮ್ಮನಿಗಾಗಲಿ ಮಗಳಿಗಾಗಲಿ ಮೊದಲು ಬಂದದ್ದು ಅಳುವಲ್ಲ, ನಿದ್ದೆ. ಇಬ್ಬರೂ ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಸ್ಟ್ರೆಚರನ್ನು ಓರೆ ಮಾಡಿ, ಗೋಡೆಯ ಸುಣ್ಣವನ್ನು ಒಂದಿಷ್ಟು ಉದುರಿಸಿ, ಅಂತೂ ಕೆಳಗೆ ತಂದರು. ಸ್ಕೂಟರುಗಳನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿ, ಎರಡು ಬೆಂಚು ಜೋಡಿಸಿ ಮಲಗಿಸಿದರು. ವ್ಯಾನು ಬರಲು ಇನ್ನೂ ಹೊತ್ತಿತ್ತು.

ನೋಡಲು ಬಂದವರೆಲ್ಲ ಅವನನ್ನು ಲಿಫ್ಟಣ್ಣ ಎಂದೇ ಕರೆದರು. ಪೇಟೆಯ ಮಧ್ಯದ ದೊಡ್ಡ ಆಫೀಸು ಕಟ್ಟಡದಲ್ಲಿ, ಜಾಲರಿ ಬಾಗಿಲಿನ ಹಳೆಯ ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ಕೂತು ದುಡಿದವನು. ಗುಮಾಸ್ತನೂ ಮ್ಯಾನೇಜರೂ ಲಿಫ್ಟಣ್ಣ ಎಂದು ಕರೆದು ಕರೆದು, ಕೊನೆಗೆ ಓಟದ ಬಳಗದಲ್ಲೂ ಅದೇ ಹೆಸರು ನಿಂತಿತು. ಗುಂಡಿ ಒತ್ತಿದರೆ ತಾನೇ ಹೋಗುವ ಲಿಫ್ಟು ಬಂದ ಮೇಲೆ ಸ್ಟೂಲಿನ ಜೊತೆ ಅವನನ್ನೂ ಮನೆಗೆ ಕಳಿಸಿದ್ದರು. ಈ ವಯಸ್ಸಿನಲ್ಲಿ ಯಾಕೆ ಓಡುತ್ತೀಯಪ್ಪ ಎಂದು ಕೇಳಿದವರಿಗೆ ಅವನ ಉತ್ತರ ಒಂದೇ: “ದಿನವೆಲ್ಲ ಮೇಲೆ ಕೆಳಗೆ ಹೋಗಿ ಎಲ್ಲಿಗೂ ಹೋಗದ ಕೆಲಸ ನಂದು. ಒಂದಿಷ್ಟು ಮುಂದೆ ಹೋಗಿ ನೋಡೋಣ ಅಂತ.”

ಮುಂದೆ ಹೋದನೆಂದು ಹೇಳುವಂತಿರಲಿಲ್ಲ. ಬಳಗದಲ್ಲಿ ಅವನಷ್ಟು ನಿಧಾನಿ ಇನ್ನೊಬ್ಬನಿರಲಿಲ್ಲ. ಕಾಲ್ಬೆರಳ ಉಗುರು ಕಪ್ಪಾಗಿ ಉದುರುವುದು, ತೊಡೆ ಉಜ್ಜಿ ಹಸಿಯಾಗುವುದು, ಮಂಡಿಗೆ ಮುಲಾಮು ತಿಕ್ಕಿಕೊಂಡು ಮಲಗುವುದು, ಇವೆಲ್ಲ ಗೆಲ್ಲುವವರಿಗೆ ಎಷ್ಟೋ ಅವನಿಗೂ ಅಷ್ಟೇ ಆಗುತ್ತಿತ್ತು. ಗೆಲುವೊಂದು ಮಾತ್ರ ಆಗುತ್ತಿರಲಿಲ್ಲ.

ಬಳಗದ ಸೆಕ್ರೆಟರಿ ಅಮ್ಮನ ಕುರ್ಚಿಯ ಪಕ್ಕಕ್ಕೆ ಬಂದು ನಿಂತರು. ಅವರಿಗೊಂದು ಔಷಧಿ ಅಂಗಡಿಯಿತ್ತು. ಕೆರೆಯ ಸುತ್ತ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಓಟದ ಉಸ್ತುವಾರಿಯೂ ಅವರದೇ.

“ಅತ್ತಿಗೆ, ಒಂದು ಮಾತು ಕೇಳ್ಲಾ?”

“ಕೇಳಿ.”

ಸೆಕ್ರೆಟರಿ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ಒಳಗೆ ಒಂದು ಪದಕ. ಅಂಚಿನಲ್ಲಿ ಹೊಳಪು ಹೋಗಿತ್ತು, ನೀಲಿ ಪಟ್ಟಿ ಮಾಸಿ ಬೂದಿಯಾಗಿತ್ತು.

ಅಮ್ಮ ಅದನ್ನು ಮುಟ್ಟಲಿಲ್ಲ. “ಇದು ಅದೇ ಅಲ್ವಾ?” ಎಂದಳು.

“ಅದೇ. ನನ್ನ ಡ್ರಾಯರಲ್ಲೇ ಇತ್ತು. ಅಣ್ಣನ ಕೊರಳಿಗೆ ಹಾಕಿ ಕಳಿಸೋಣ ಅಂತ ಬಳಗದವರೆಲ್ಲ ಮಾತಾಡ್ಕೊಂಡ್ವಿ.”

“ಬೇಡ.”

“ಯಾರೂ ಏನೂ ಅನ್ನಲ್ಲ ಅತ್ತಿಗೆ. ಎಷ್ಟು ವರ್ಷ ಓಡಿದ್ರು ಪಾಪ.”

“ಬದುಕಿದ್ದಾಗ ಬೇಡ ಅಂತ ವಾಪಸ್ ಕೊಟ್ಟು ಬಂದವರು,” ಎಂದಳು ಅಮ್ಮ. ದಣಿದು ಅವಳ ದನಿ ತಗ್ಗಿತ್ತು, ಮಾತು ಮಾತ್ರ ತಗ್ಗಿರಲಿಲ್ಲ. “ಈಗ ಬೇಡ ಅನ್ನೋಕೆ ಬಾಯಿಲ್ಲ ಅಂತ ಕೊರಳಿಗೆ ಹಾಕೋದಾ?”

ದಿಂಬು ಹಿಡಿದು ನಿಂತಿದ್ದ ಮಗಳು ಮುಂದೆ ಬಂದಳು. “ಹಾಕ್ಲಿ ಬಿಡಮ್ಮ. ಇನ್ನೇನು ಉಳಿದಿದೆ? ಒಂದು ತಗಡಿನ ಬಿಲ್ಲೆ.”

“ಬಿಲ್ಲೆ ಅಲ್ವಾ? ಹಾಗಾದ್ರೆ ಇಲ್ದಿದ್ರೂ ನಡೆಯತ್ತೆ.”

“ನಿನಗೇನಮ್ಮ ಗೊತ್ತು? ಅದನ್ನ ಬಿಚ್ಚಿಕೊಂಡು ಹೋಗಿದ್ದು ನನ್ನ ಕೊರಳಿಂದ, ನಿನ್ನ ಕೊರಳಿಂದಲ್ಲ.”

ದನಿ ಏರಿತ್ತು. ಸ್ಕೂಟರುಗಳ ಪಕ್ಕ ನಿಂತವರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

“ಅಕ್ಕ, ಹೋದವರಿಗೆ ಇದ್ರೇನು, ಬಿಟ್ರೇನು,” ಎಂದು ಮಾವ ಮಧ್ಯೆ ಬಾಯಿ ಹಾಕಿದ.

“ವ್ಯಾನ್ ಎಲ್ಲಿಗೆ ಬಂತು ಅಂತ ಫೋನ್ ಮಾಡೋ ನೀನು,” ಎಂದಳು ಅಮ್ಮ.

*

ಆಗ ಮಗಳು ಏಳನೇ ತರಗತಿಯಲ್ಲಿದ್ದಳು. ಓದಿನಲ್ಲಿ ಹಿಂದೆ, ಹಾಡಿನಲ್ಲಿ ಹಿಂದೆ, ಚಿತ್ರ ಬರೆದರೆ ಹಸುವಿಗೂ ನಾಯಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಅಪ್ಪನ ಮಗಳೇ ಎಂದು ಅಮ್ಮ ರೇಗಿಸುತ್ತಿದ್ದಳು.

ಅಪ್ಪ ಮೊದಲ ಸಲ ಪೂರ್ತಿ ಮ್ಯಾರಥಾನಿಗೆ ಹೆಸರು ಕೊಟ್ಟದ್ದು ಆ ವರ್ಷ. ಮಧ್ಯಾಹ್ನ ಹನ್ನೆರಡಕ್ಕೆ ಗಡಿಯಾರ ನಿಲ್ಲುತ್ತದೆ. ಅಷ್ಟರೊಳಗೆ ಬಂದವರಿಗೆಲ್ಲ ಪದಕ, ಆಮೇಲೆ ಬಂದವರಿಗೆ ಬಾಳೆಹಣ್ಣು. ಅಪ್ಪ ತಿಂಗಳುಗಟ್ಟಲೆ ತಯಾರಿ ಮಾಡಿದ. ಬೆಳಿಗ್ಗೆ ಕೆರೆಯ ಸುತ್ತ ಓಡುತ್ತಿದ್ದ. ಊಟದ ಬಿಡುವಿನಲ್ಲಿ ತನ್ನದೇ ಲಿಫ್ಟಿಗೆ ಬೆನ್ನು ಹಾಕಿ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಲಿಫ್ಟಣ್ಣನೇ ಮೆಟ್ಟಿಲು ಹತ್ತುವುದನ್ನು ಕಂಡು ಗುಮಾಸ್ತರು ಲಿಫ್ಟು ಕೆಟ್ಟಿದೆಯೆಂದು ತಿಳಿದು ತಾವೂ ಹತ್ತುತ್ತಿದ್ದರಂತೆ.

ಓಟದ ದಿನ ಅಮ್ಮನೂ ಮಗಳೂ ಟವೆಲು ಹಿಡಿದು ಕೊನೆಯ ಗೆರೆಯ ಹತ್ತಿರ ಪಾದಚಾರಿ ಕಟ್ಟೆಯ ಮೇಲೆ ಕೂತರು. ಹನ್ನೆರಡಾದ ಮೇಲೂ ಕಾಯಬೇಕಾದೀತೆಂದು ಅಮ್ಮ ಬುತ್ತಿ ಕಟ್ಟಿಕೊಂಡೇ ಬಂದಿದ್ದಳು. ಇನ್ನೂ ಸಾಕಷ್ಟು ಹೊತ್ತಿರುವಾಗಲೇ ಮರಗಳ ಮರೆಯಿಂದ ಅಪ್ಪ ಕಾಣಿಸಿಕೊಂಡ. ಬಾಯಿ ತೆರೆದಿತ್ತು, ಅಂಗಿಯ ಮೇಲೆ ಬೆವರಿನ ಉಪ್ಪು ಒಣಗಿ ಗೆರೆ ಬಿದ್ದಿತ್ತು. ಅಮ್ಮ ಬುತ್ತಿ ಬಿಚ್ಚುವ ಕೈಯಲ್ಲೇ ಚಪ್ಪಾಳೆ ಹೊಡೆದಳು. ಅಪ್ಪ ಗೆರೆ ದಾಟಿ ಬಂದು ಮಾಡಿದ ಮೊದಲ ಕೆಲಸವೆಂದರೆ ಕೊರಳಿಗೆ ಬಿದ್ದ ಪದಕ ತೆಗೆದು ಮಗಳಿಗೆ ಹಾಕಿದ್ದು.

“ಇವತ್ತು ಕಾಲು ಹಗುರ ಇತ್ತು,” ಎಂದ. ಆ ವಾರವಿಡೀ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳಿದ. ಹೇಗಾಯ್ತೋ ಗೊತ್ತಿಲ್ಲ, ಕಾಲು ಹಗುರ ಇತ್ತು.

ಮಗಳು ಪದಕವನ್ನು ಶಾಲೆಗೆ ಹಾಕಿಕೊಂಡು ಹೋದಳು. ಆಟದ ಮೇಷ್ಟ್ರು ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ, ಇವಳಪ್ಪ ಎಷ್ಟು ದೂರ ಓಡಿದ್ದಾರೆ ಗೊತ್ತೇನ್ರೋ ಎಂದು ಭಾಷಣ ಮಾಡಿದರು. ಮುಂದಿನ ವಾರದ ಕ್ರೀಡಾಕೂಟದಲ್ಲಿ ಪದಕ ಹಾಕಿಕೊಂಡು ಬಾವುಟ ಹಿಡಿದು ಎಲ್ಲರಿಗಿಂತ ಮುಂದೆ ನಡೆಯಬೇಕಾದವಳು ಇವಳೇ ಎಂದರು. ಅಲ್ಲಿಯವರೆಗೆ ಅವಳ ಹೆಸರು ನೆಟ್ಟಗೆ ಗೊತ್ತಿಲ್ಲದ ಹುಡುಗಿಯರು ಪಕ್ಕದಲ್ಲಿ ಕೂರಲು ಜಗಳವಾಡಿದರು.

ಮರು ಭಾನುವಾರ ಬಳಗದವರು ಎಂದಿನಂತೆ ಚಹಾ ಅಂಗಡಿಯ ಮುಂದೆ ನಿಂತು ಆ ಓಟದ ಕಷ್ಟ ಹೇಳಿಕೊಳ್ಳುತ್ತಿದ್ದರು. ಓಡುವವರಿಗೆ ಓಡುವುದಕ್ಕಿಂತ ಇದೇ ಹೆಚ್ಚು ಇಷ್ಟ.

“ಕೊನೆಗೆ ಆ ಗೋದಾಮಿನ ರಸ್ತೆ ಇತ್ತಲ್ಲ, ಅದು ಜೀವ ತೆಗೀತು ಮಾರಾಯ,” ಎಂದ ಒಬ್ಬ. “ಡ್ರಮ್ಮಿನವರೆಗೂ ಎದುರುಗಾಳಿ. ಸುತ್ತು ಹಾಕಿ ವಾಪಸ್ ಬರೋವಾಗ ಗಾಳಿನೇ ಇಲ್ಲ!”

“ಯಾವ ಗೋದಾಮಿನ ರಸ್ತೆ?” ಎಂದ ಲಿಫ್ಟಣ್ಣ.

ಎಲ್ಲರೂ ನಕ್ಕರು. ಕಷ್ಟಪಟ್ಟದ್ದನ್ನು ಮರೆತಿದ್ದಾನೆ, ಬಾಣಂತಿ ನೋವು ಮರೆತ ಹಾಗೆ, ಎಂದರು. ಲಿಫ್ಟಣ್ಣ ನಗಲಿಲ್ಲ. ಚಹಾ ಲೋಟವನ್ನು ಹಾಗೇ ಬೆಂಚಿನ ಮೇಲಿಟ್ಟು ಸೈಕಲ್ ಹತ್ತಿದ.

ಆದದ್ದು ಇಷ್ಟೇ. ಎರಡನೇ ಸುತ್ತಿನಲ್ಲಿ ಕೆರೆಯ ದಂಡೆ ಬಿಟ್ಟು ಗೋದಾಮಿನ ರಸ್ತೆಗೆ ತಿರುಗಿ, ಅಲ್ಲಿಟ್ಟಿದ್ದ ಡ್ರಮ್ಮು ಸುತ್ತಿ ವಾಪಸ್ ಬರಬೇಕಿತ್ತು. ತಿರುವಿನಲ್ಲಿ ಕೆಂಪು ಬಾವುಟ ಹಿಡಿದು ನಿಂತಿದ್ದವನು, ಎಲ್ಲರೂ ಹೋಗಿಯಾಯಿತೆಂದು ನೆರಳಿಗೆ ಹೋಗಿ ಕೂತಿದ್ದ. ಅಪ್ಪನ ಮುಂದೆ ಅರ್ಧ ದೂರದ ಓಟದಲ್ಲಿ ಹಿಂದುಳಿದ ಕೆಲವರು ಕಾಲೆಳೆಯುತ್ತಿದ್ದರು. ಅವರಿಗೆ ಆ ತಿರುವು ಇರಲಿಲ್ಲ, ನೇರ ಹೋದರು. ತಲೆ ತಗ್ಗಿಸಿ ಮುಂದಿನವರ ಹಿಮ್ಮಡಿ ನೋಡುತ್ತ ಓಡುವುದು ದಣಿದವರ ಅಭ್ಯಾಸ. ಅಪ್ಪ ಹಿಮ್ಮಡಿಗಳ ಹಿಂದೆ ಹೋದ.

ಆ ಬೆಳಿಗ್ಗೆ ಅವನು ಸೈಕಲಿನಲ್ಲಿ ಗೋದಾಮಿನ ರಸ್ತೆಯ ತುದಿಯವರೆಗೆ ಹೋಗಿ ನೋಡಿದ. ಡ್ರಮ್ಮು ಇನ್ನೂ ಅಲ್ಲೇ ಇತ್ತು. ಆ ರಸ್ತೆಯಲ್ಲಿ ತಾನು ಕಾಲಿಟ್ಟೇ ಇರಲಿಲ್ಲವೆಂಬುದು ಖಾತ್ರಿಯಾಯಿತು.

ಮನೆಗೆ ಬಂದಾಗ ಮಗಳು ಪದಕ ಹಾಕಿಕೊಂಡೇ ತಿಂಡಿ ತಿನ್ನುತ್ತಿದ್ದಳು.

“ಅದನ್ನ ಕೊಡು ಪುಟ್ಟಿ,” ಎಂದ. “ಅದು ನಮ್ಮದಲ್ಲ.”

ಅಮ್ಮನಿಗೆ ವಿಷಯ ತಿಳಿದಾಗ ಅವಳು ಮಗಳ ಕಡೆಗೇ ಮಾತಾಡಿದ್ದಳು. “ಯಾರಿಗೆ ಗೊತ್ತಾಗತ್ತೆ ರೀ? ಬಾವುಟದವನು ನಿದ್ದೆ ಮಾಡಿದ್ರೆ ನಿಮ್ಮ ತಪ್ಪಾ? ಮಗು ಮುಖ ನೋಡಿಯಾದ್ರೂ ಇಟ್ಕೊಳ್ಳಿ.”

“ನನಗೆ ಗೊತ್ತಾಯ್ತಲ್ಲ,” ಎಂದ ಅಪ್ಪ. ಮಗಳ ಜಡೆಗೆ ಸಿಕ್ಕಿಕೊಂಡಿದ್ದ ಪಟ್ಟಿಯನ್ನು ನೋವಾಗದ ಹಾಗೆ ಬಿಡಿಸಿ ತೆಗೆದ. ಅವಳು ಅಳಲಿಲ್ಲ. ನಾಳೆ ಮೇಷ್ಟ್ರಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದಳು.

ಸೆಕ್ರೆಟರಿಗೆ ಪದಕ ವಾಪಸ್ ತೆಗೆದುಕೊಳ್ಳುವುದು ಹೇಗೆಂದೇ ತಿಳಿಯಲಿಲ್ಲ. ಯಾರೂ ಹಾಗೆ ಕೊಟ್ಟಿರಲಿಲ್ಲ. ಇಟ್ಕೊಳ್ಳಿ ಅಣ್ಣ ಎಂದು ಬೇಡಿಕೊಂಡರು. ಅಪ್ಪ ಔಷಧಿ ಅಂಗಡಿಯ ಮೇಜಿನ ಮೇಲೆ ಅದನ್ನಿಟ್ಟು, ಬಂದ ಹಾಗೆ ಮೆಟ್ಟಿಲಿಳಿದು ಹೋದ.

ಶಾಲೆಯಲ್ಲಿ ಮೇಷ್ಟ್ರು ಕೇಳಿದರು, “ಎಲ್ಲಮ್ಮ ಪದಕ?” ಅಪ್ಪ ವಾಪಸ್ ಕೊಟ್ರು ಸಾರ್ ಎಂದಳು. ತರಗತಿಯೇ ಗೊಳ್ಳೆಂದಿತು. ಬೇರೆಯವರ ಪದಕ ಕದ್ದು ತಂದಿದ್ದಳು ಎಂದು ಒಬ್ಬಳು, ಪೇಟೆಯಲ್ಲಿ ಕೊಂಡದ್ದು ಎಂದು ಇನ್ನೊಬ್ಬಳು. ಬಾವುಟ ಬೇರೆ ಹುಡುಗಿಯ ಕೈಗೆ ಹೋಯಿತು. ಶಾಲೆ ಬಿಡುವವರೆಗೂ ಅವಳಿಗೆ ಸುಳ್ಳಿ ಎಂಬ ಹೆಸರು ತಪ್ಪಲಿಲ್ಲ.

ಅಪ್ಪನ ಓಟ ನೋಡಲು ಅವಳು ಮತ್ತೆ ಹೋಗಲಿಲ್ಲ. ಪ್ರತಿ ವರ್ಷ ಹಿಂದಿನ ದಿನ ಅವನು ಬೂಟಿನ ದಾರ ಕಟ್ಟುತ್ತ, “ನಾಳೆ ಬರ್ತೀಯಾ ಪುಟ್ಟಿ?” ಎಂದು ಕೇಳುತ್ತಿದ್ದ. ಮೊದಲು ಪರೀಕ್ಷೆ ಅಡ್ಡ ಬಂತು, ಆಮೇಲೆ ಮುದ್ರಣಾಲಯದ ಕೆಲಸ, ಆಮೇಲೆ ಗಂಡ, ಮಕ್ಕಳು. ಒಂದು ಸಲವೂ ಹೋಗಲಿಲ್ಲ. ಅಮ್ಮನೊಬ್ಬಳೇ ಟವೆಲು ಹಿಡಿದು ಹೋಗುತ್ತಿದ್ದಳು, ಬೈದುಕೊಂಡೇ. ಕೊನೆಯ ಗೆರೆಯ ಚೌಕಟ್ಟು ಬಿಚ್ಚಿ ಲಾರಿಗೆ ಹಾಕಿದ ಮೇಲೆ ಇಬ್ಬರೂ ಬಸ್ಸು ಹತ್ತಿ ಮನೆಗೆ ಬರುತ್ತಿದ್ದರು.

*

ವ್ಯಾನು ದಾರಿ ತಪ್ಪಿ ಬೇರೆ ಬೀದಿಗೆ ಹೋಗಿದೆಯೆಂದು ಮಾವ ಫೋನಿನಲ್ಲಿ ಜಗಳವಾಡುತ್ತಿದ್ದ. ಬಿಸಿಲು ಸ್ಕೂಟರುಗಳವರೆಗೆ ಬಂದಿತ್ತು. ಅಮ್ಮ ಮುಖ ತೊಳೆದುಕೊಳ್ಳಲು ಮೇಲೆ ಹೋದಳು.

ಸೆಕ್ರೆಟರಿ ಕರವಸ್ತ್ರದ ಗಂಟನ್ನು ಮಗಳ ಕೈಗಿತ್ತರು. “ನೀನೇ ಇಟ್ಕೊಳ್ಳಮ್ಮ. ಇದನ್ನ ಮತ್ತೆ ಡ್ರಾಯರಿಗೆ ಹಾಕೋಕೆ ನನ್ನ ಕೈಲಾಗಲ್ಲ.”

ಅವಳು ತಲೆದಿಂಬನ್ನು ಅಪ್ಪನ ತಲೆಯ ಕೆಳಗೆ ಇಡುವ ನೆಪದಲ್ಲಿ ಬಗ್ಗಿದಳು. ಯಾರೂ ಇತ್ತ ನೋಡುತ್ತಿರಲಿಲ್ಲ. ಬಿಳಿ ಹೊದಿಕೆಯ ಅಂಚೆತ್ತಿ, ಅಪ್ಪನ ತಣ್ಣನೆಯ ಅಂಗೈ ಕೆಳಗೆ ಪದಕವನ್ನು ತೂರಿಸಿ ಹೊದಿಕೆ ಎಳೆದಳು. ಇಷ್ಟು ವರ್ಷ ಹೋಗದಿದ್ದುದಕ್ಕೆ ಇದಾದರೂ ಆಗಲಿ ಎನ್ನಿಸಿತು. ಅಮ್ಮನಿಗೆ ಗೊತ್ತಾಗುವುದು ಬೇಡ. ಅಪ್ಪ ಬರಿಗೈಯಲ್ಲಿ ಹೋಗುವುದೂ ಬೇಡ. ಬೆಳಗಿನಿಂದ ಮೊದಲ ಸಲ ಅವಳಿಗೆ ಕೊಂಚ ಸಮಾಧಾನವಾಯಿತು.

ವ್ಯಾನು ಬಂದಾಗ ಮಂಡಿನೋವಿನ ಅಮ್ಮನನ್ನು ಡ್ರೈವರಿನ ಪಕ್ಕ ಕೂರಿಸಿದರು. ಹಿಂದೆ ಅಪ್ಪ, ಒಂದು ಬದಿಗೆ ಮಗಳು, ಎದುರಿಗೆ ಮಾವ ಮತ್ತು ಸೆಕ್ರೆಟರಿ. ಬಳಗದ ಉಳಿದವರು ಸ್ಕೂಟರುಗಳಲ್ಲಿ ಹಿಂಬಾಲಿಸಿದರು.

ಮಾವ ಕಿಟಕಿಯಿಂದ ಹಿಂದೆ ನೋಡಿದ. “ಇವತ್ತೊಂದು ದಿನ ಭಾವ ಎಲ್ಲರಿಗಿಂತ ಮುಂದೆ,” ಎಂದ. ಹೇಳಿದ್ದೇ ತಡ ಅವನ ಬಾಯಿ ಸೊಟ್ಟಗಾಯಿತು. ಕಿಟಕಿಗೆ ಮುಖ ತಿರುಗಿಸಿಕೊಂಡು ಬಿಕ್ಕಿದ. ಬೆಳಗಿನಿಂದ ತಡೆದಿದ್ದ ಅಳು ಸಿಗ್ನಲ್ಲಿನವರೆಗೂ ನಿಲ್ಲಲಿಲ್ಲ.

“ಒಂದು ವರ್ಷ ಬಂದೇಬಿಡ್ತಿದ್ರು,” ಎಂದರು ಸೆಕ್ರೆಟರಿ, ಯಾರಿಗೆಂದಿಲ್ಲದೆ. “ಗಡಿಯಾರ ನಿಲ್ಲಿಸೋದು ನಾನೇ. ಹನ್ನೆರಡು ಹೊಡೀತು. ತಲೆ ಎತ್ತಿ ನೋಡಿದ್ರೆ ಅಣ್ಣ ಮರದ ಹತ್ರ ಇದ್ದಾರೆ. ಕೈ ಚಾಚಿದ್ರೆ ಸಿಗೋ ಅಷ್ಟು ದೂರ. ಸ್ವಲ್ಪ ತಡೆದಿದ್ರೆ ಆಗ್ತಿತ್ತು. ನಿಯಮ ಅಂತ ನಿಲ್ಲಿಸ್ಬಿಟ್ಟೆ.”

“ಅಪ್ಪ ಏನಂದ್ರು?”

“ಬಂದು, ಆಯ್ತಾ ಅಂದ್ರು. ಆಯ್ತಣ್ಣ ಅಂದೆ. ಸರಿ ಬಿಡು ಅಂತ ನೀರು ಕುಡಿದು, ಕುರ್ಚಿ ಮಡಚೋಕೆ ನಮ್ಮ ಜೊತೆ ಸೇರ್ಕೊಂಡ್ರು. ಕಾಲು ಗಡಗಡ ನಡುಗ್ತಿತ್ತು, ಆದ್ರೂ ಮಡಚಿದ್ರು.” ಸೆಕ್ರೆಟರಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. “ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದಿನ ವರ್ಷ ನಾನೇ ಹೇಳ್ದೆ, ಅಣ್ಣ, ನೀವು ಕಾಣಿಸಿದ್ರೆ ಒಂಚೂರು ಹಿಡ್ಕೋತೀನಿ, ನಿಧಾನಕ್ಕೆ ಬನ್ನಿ ಅಂತ. ನಕ್ಕುಬಿಟ್ರು. ‘ಬಾಗಿಲು ಹಿಡ್ಕೊಂಡು ಕಾಯೋದು ನನ್ನ ಕೆಲಸ ಕಣಯ್ಯ, ನಿನ್ನ ಕೆಲಸ ಮುಚ್ಚೋದು’ ಅಂದ್ರು.”

ಅದು ನಿಜವಾಗಿತ್ತು. ಆಫೀಸಿಗೆ ತಡವಾಗಿ ಓಡಿ ಬರುವವರಿಗಾಗಿ ಅಪ್ಪ ಜಾಲರಿ ಬಾಗಿಲಿಗೆ ಪಾದ ಅಡ್ಡ ಕೊಟ್ಟು ನಿಲ್ಲುತ್ತಿದ್ದುದನ್ನು ಅವಳೇ ಚಿಕ್ಕವಳಿದ್ದಾಗ ನೋಡಿದ್ದಳು. ಒಳಗಿದ್ದವರು ಗೊಣಗಿದರೆ, ಅವರಿಗೂ ಸಂಬಳ ಕಟ್ ಆಗತ್ತೆ ಸಾರ್ ಎನ್ನುತ್ತಿದ್ದ.

“ಅಷ್ಟೊಂದು ಹಟ ಯಾಕೆ ಅಂಕಲ್?” ಎಂದಳು. “ಮಂಡಿ ಸವೆದು ಹೋಯ್ತು, ಆದ್ರೂ ಬಿಡಲಿಲ್ಲ. ಒಂದು ಪದಕಕ್ಕೆ?”

ಸೆಕ್ರೆಟರಿ ಅವಳ ಮುಖ ನೋಡಿದರು. “ನಿನಗೆ ಹೇಳಿಲ್ವಾ?”

“ಏನನ್ನ?”

“ನಾನು ಅದನ್ನ ಡ್ರಾಯರಲ್ಲಿ ಇಟ್ಟಿದ್ದೇ ಅವರ ಮಾತಿಗಮ್ಮ. ‘ಅದನ್ನ ಯಾರಿಗೂ ಕೊಡಬೇಡ, ಬಿಸಾಕಲೂ ಬೇಡ’ ಅಂದಿದ್ರು. ‘ಮಗಳ ಕೊರಳಿಂದ ತೆಗೆದಿದ್ದೀನಿ. ಸರಿಯಾಗಿ ಓಡಿ, ಅದನ್ನೇ ಇಸ್ಕೊಂಡು ಹೋಗಿ ಅದೇ ಕೊರಳಿಗೆ ಹಾಕ್ಬೇಕು.’ ಪ್ರತಿ ವರ್ಷ ಓಟಕ್ಕೆ ಮುಂಚೆ ಬಂದು ಕೇಳೋರು, ಇದೆಯೇನಯ್ಯ ಅಂತ. ಇದೆ ಅಣ್ಣ ಅಂತಿದ್ದೆ.”

ವ್ಯಾನು ಸಿಗ್ನಲ್ ದಾಟಿ ತಿರುಗಿತು. ಮಗಳು ಬೀಳದ ಹಾಗೆ ಸ್ಟ್ರೆಚರಿನ ಅಂಚು ಹಿಡಿದುಕೊಂಡಳು. ಹೊದಿಕೆಯ ಕೆಳಗೆ ಅಪ್ಪನ ಬೆರಳುಗಳೂ ಪದಕದ ಗಟ್ಟಿ ಅಂಚೂ ಅವಳ ಕೈಗೆ ತಗುಲಿದವು. ನಾಳೆ ಬರ್ತೀಯಾ ಪುಟ್ಟಿ ಎಂದು ಅವನು ಯಾಕೆ ಕೇಳುತ್ತಿದ್ದನೆಂಬುದು ಈಗ ತಿಳಿಯಿತು. ಕೊರಳು ಅಲ್ಲಿರಬೇಕಿತ್ತು, ಅಷ್ಟಕ್ಕೆ ಕೇಳುತ್ತಿದ್ದ. ಒಂದು ವರ್ಷವಾದರೂ ಹೋಗಿ ಆ ಕಟ್ಟೆಯ ಮೇಲೆ ಕೂರಬಹುದಿತ್ತು.

ಪದಕವನ್ನು ಈಗಲೇ ಹೊರಗೆಳೆಯಬೇಕೆನ್ನಿಸಿತು. ಎದುರಿಗೆ ಇಬ್ಬರು ಕೂತಿದ್ದರು. ಅವಳ ಕೈ ಹೊದಿಕೆಯ ಮೇಲೇ ಉಳಿಯಿತು.

*

ಚಿತಾಗಾರದಲ್ಲಿ ಇವರಿಗಿಂತ ಮೊದಲು ಬಂದ ಇನ್ನೊಂದು ಕುಟುಂಬವಿತ್ತು. ಸಿಮೆಂಟು ಬೆಂಚಿನ ಮೇಲೆ ಕೂತು ಕಾಯಬೇಕಾಯಿತು. ಅಮ್ಮ ಗೋಡೆಗೊರಗಿ ಕಣ್ಣು ಮುಚ್ಚಿದಳು. ನಿದ್ದೆ ಹೋದಳೆಂದುಕೊಂಡಾಗ ಮಾತಾಡಿದಳು.

“ನಿನ್ನ ಮೇಲೆ ಬೆಳಿಗ್ಗೆ ರೇಗಿದೆ.”

“ಬಿಡಮ್ಮ.”

“ನನಗೂ ಆವಾಗ ಇಟ್ಕೊಳ್ಳಲಿ ಅಂತಲೇ ಇತ್ತು. ನಿನಗಿಂತ ಹೆಚ್ಚು ಇತ್ತು. ಈ ಓಟ ಅಂದ್ರೆ ನನಗೆ ಒಂದು ದಿನವೂ ಆಗಿ ಬರಲಿಲ್ಲ. ಪದಕ ಸಿಕ್ತಲ್ಲ, ಇನ್ನು ಮನೇಲಿ ಕೂರ್ತಾರೆ ಅಂದುಕೊಂಡಿದ್ದೆ.” ಅಮ್ಮ ಕಣ್ಣು ತೆರೆಯಲಿಲ್ಲ. “ಆಮೇಲೆ ವರ್ಷ ವರ್ಷ ಆ ಕಟ್ಟೆ ಮೇಲೆ ಕೂತು ನೋಡಿದ್ನಲ್ಲ. ಎಲ್ಲರೂ ಹೋದ ಮೇಲೆ ಬರೋರು. ಆದ್ರೆ ಪೂರ್ತಿ ಓಡಿ ಬರೋರು. ಆ ಗೋದಾಮಿನ ರಸ್ತೆಗೂ ಹೋಗಿ ಬರೋರು. ಅದನ್ನ ನೋಡಿದವಳು ನಾನು ಹೇಗೆ ಹೂಂ ಅನ್ನಲಿ ಹೇಳು.”

ಮಗಳು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಕುಲುಮೆಯ ಕೋಣೆ ಚಿಕ್ಕದು, ಬಿಸಿ. ಬಣ್ಣ ಹೋದ ಕೈಗವಸು ತೊಟ್ಟ ಕೆಲಸದವನು ಗೋಡೆಯ ಮೇಲಿನ ಗಡಿಯಾರ ನೋಡಿಕೊಂಡ. ಬೆಳಗಿನಿಂದ ನಿಂತೇ ಇದ್ದವನ ಮುಖ. ಸ್ಟ್ರೆಚರಿನಿಂದ ಹಲಗೆಗೆ ಬದಲಾಯಿಸಿದ ಮೇಲೆ, ದಿನಕ್ಕೆ ಹಲವು ಸಲ ಹೇಳುವ ಮಾತನ್ನು ಮತ್ತೊಮ್ಮೆ ಹೇಳಿದ.

“ಮೈಮೇಲೆ ಲೋಹದ್ದು ಏನೂ ಇಲ್ಲ ತಾನೆ? ಉಂಗುರ, ಗಡಿಯಾರ, ಬೆಲ್ಟು? ಎದೆ ಒಳಗೆ ಮಷೀನು ಗಿಷೀನು?”

“ಏನೂ ಇಲ್ಲಪ್ಪ,” ಎಂದಳು ಅಮ್ಮ.

ಅವನು ಎಲ್ಲರ ಮಾತನ್ನೂ ಕೇಳುತ್ತಿದ್ದ, ಯಾರ ಮಾತನ್ನೂ ನಂಬುತ್ತಿರಲಿಲ್ಲ. ಹೊದಿಕೆಯ ಮೇಲಿಂದ ಕೈಯಾಡಿಸುತ್ತ ಬಂದು ನಿಂತ. ಹೊದಿಕೆ ಎತ್ತಿ, ಮಾಸಿದ ನೀಲಿ ಪಟ್ಟಿ ಹಿಡಿದು ಎಳೆದ. ಪದಕ ಅಪ್ಪನ ಅಂಗೈಯಿಂದ ಜಾರಿ ಬಂದು ಅವನ ಕೈಯಲ್ಲಿ ತೂಗಾಡಿತು.

ಸೆಕ್ರೆಟರಿ ಮಗಳ ಕಡೆ ನೋಡಿ ತಲೆ ತಗ್ಗಿಸಿದರು. ಅಮ್ಮ ಅದನ್ನು ನೋಡಿದಳು, ಆಮೇಲೆ ಮಗಳನ್ನು ನೋಡಿದಳು. ಬೈಯಲಿಲ್ಲ. ಬೈಯುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

“ಯಾರದಿದು?” ಎಂದ ಕೆಲಸದವನು. “ತಗೊಳ್ಳಿ. ಹೊರಗೆ ಇನ್ನೊಬ್ಬರು ಕಾಯ್ತಿದ್ದಾರೆ.”

ಕೈಗವಸಿನ ಕೈ ಮಗಳ ಮುಂದೆ ಚಾಚಿತ್ತು. ತೆಗೆದುಕೊಂಡರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅಮ್ಮನೂ ಅನ್ನುತ್ತಿರಲಿಲ್ಲ. ಮನೆಗೆ ಒಯ್ದು ಮೊಳೆಗೆ ನೇತುಹಾಕಿ, ಮಕ್ಕಳಿಗೆ ನಿಮ್ಮ ತಾತನದು ಎನ್ನಬಹುದಿತ್ತು. ಅವಳ ಕೈ ಅರ್ಧ ಮೇಲೆದ್ದಿತು.

“ನಮ್ಮದಲ್ಲ,” ಎಂದಳು.

“ನಿಮ್ಮದಲ್ಲ ಅಂದ್ರೆ? ಇವರ ಕೈಯಲ್ಲೇ ಇತ್ತಲ್ಲಮ್ಮ.”

“ನಾನೇ ಇಟ್ಟಿದ್ದೆ. ತಪ್ಪಾಯ್ತು. ಅವರದೂ ಅಲ್ಲ.”

ಅಮ್ಮನ ಒರಟು ಬೆರಳುಗಳು ಬಂದು ಅವಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡವು. ಕೆಲಸದವನು ಇಬ್ಬರ ಮುಖವನ್ನೂ ನೋಡಿದ. ಇಂಥದ್ದನ್ನು ಕೇಳುತ್ತ ಕೂರಲು ಅವನಿಗೆ ಪುರುಸೊತ್ತಿರಲಿಲ್ಲ. ಕುಲುಮೆಯ ಬಾಗಿಲ ಪಕ್ಕದ ಗೋಡೆಗೆ ಹೋದ. ಅಲ್ಲಿ ಸಾಲಾಗಿ ಮೊಳೆಗಳಿದ್ದವು. ಒಂದರಲ್ಲಿ ಒಂಟಿ ಗಾಜಿನ ಕನ್ನಡಕ, ಒಂದರಲ್ಲಿ ಬೆಲ್ಟಿನ ಕೊಂಡಿ, ಒಂದರಲ್ಲಿ ಯಾವುದೋ ಮನೆಯ ಬೀಗದ ಕೈಗಳು. ಖಾಲಿಯಿದ್ದ ಮೊಳೆಗೆ ನೀಲಿ ಪಟ್ಟಿಯನ್ನು ಸಿಕ್ಕಿಸಿ ಬಂದು ಅವನು ಹಲಗೆ ತಳ್ಳಿದ. ಪದಕ ಪಕ್ಕದ ಬೀಗದ ಕೈಗಳಿಗೆ ಒಂದೆರಡು ಸಲ ತಗುಲಿ ಸದ್ದು ಮಾಡಿತು, ಆಮೇಲೆ ನಿಂತಿತು.